ನಲವತ್ತೇಳನೇ ನಂಬರಿನ ಹಾಲು

ಸೂರಪ್ಪನ ಫೋನು ಬಂದಾಗ ನಾಗಭೂಷಣ ಯಾರದೋ ಕೀಬೋರ್ಡನ್ನು ಬೋರಲು ಹಾಕಿ ಬಡಿಯುತ್ತಿದ್ದ. ಒಳಗಿಂದ ಮಂಡಕ್ಕಿ ಚೂರು, ಒಣಗಿದ ಕರಿಬೇವು, ಒಂದು ಸತ್ತ ಗೊದ್ದ ಉದುರಿದವು. ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಆ ಅಂಗಡಿಯೊಳಗೆ ಬೆಳಗಿನ ಹತ್ತಕ್ಕೇ ಎಣ್ಣೆ ಮಿಲ್ಲುಗಳ ವಾಸನೆ ಬಂದು ಕೂತಿತ್ತು. “ಏನಪ್ಪಾ ಇಂಜಿನಿಯರು, ನಿನ್ ಮಿಷನ್ ಕೆಟ್ಟೈತೆ, ಇವತ್ತೇ ಬಾ,” ಎಂದ ಸೂರಪ್ಪ. ಮೊಳಕಾಲ್ಮುರು ಕಡೆಯ ಬೋಳುಗುಡ್ಡದ ಹಟ್ಟಿಯಲ್ಲಿ ಹಾಲಿನ ಡೈರಿ ನಡೆಸುವ ಸೆಕ್ರೆಟರಿ ಅವನು. ಇಂಜಿನಿಯರು ಎನ್ನುವಾಗ ಹೊಗಳುತ್ತಾನೋ ಕುಟುಕುತ್ತಾನೋ ನಾಗಭೂಷಣನಿಗೆ ಎರಡು ವರ್ಷದಲ್ಲಿ ಒಮ್ಮೆಯೂ ತಿಳಿದಿರಲಿಲ್ಲ. ಏನಾತು ಎಂದು ಕೇಳಿದ್ದಕ್ಕೆ, “ಏನಾತಾ? ನಲವತ್ತೇಳನೇ ನಂಬರು, ನಮ್ ಸೊಸೆ ಸ್ವಪ್ನಂದು. ಹಳೇ ಗಾಜಿನ ನಳಿಗೇಲಿ ನೋಡಿದ್ರೆ ಫ್ಯಾಟು ನಾಲ್ಕು ಪಾಯಿಂಟು ಒಂದು ಬರ್ತೈತೆ. ನಿನ್ ಮಿಷನ್ ಊರೆಲ್ಲಾ ನೋಡೋ ಹಂಗೆ ಮೂರು ಮೂರು ಅಂತ ಬೋರ್ಡಿಗೆ ಹಾಕ್ತೈತೆ. ಸೆಕ್ರೆಟರಿ ಮನೆ ಹಾಲಿಗೆ ಸೆಕ್ರೆಟರಿ ಸೊಸೆ ನೀರು ಹಾಕ್ತಾಳೇನಪ್ಪಾ?” ಎಂದ. ನಾಗಭೂಷಣ ಬರ್ತೀನಿ ಎಂದು ಫೋನಿಟ್ಟ. ನಲವತ್ತೇಳು ಪಾತಮ್ಮನ ನಂಬರಲ್ಲವೇ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಕೇಳಲಿಲ್ಲ. ಕೇಳಿದ್ದರೆ ತಾನು ಅದನ್ನು ಎಂಟು ತಿಂಗಳಿಂದ ಮರೆತಿಲ್ಲ ಎಂದು ಸೂರಪ್ಪನಿಗೆ ಗೊತ್ತಾಗುತ್ತಿತ್ತು.

ಹೆಂಡತಿ ಶಾಂತಕುಮಾರಿ ಕೊಟ್ಟುಕಳಿಸಿದ್ದ ಬುತ್ತಿಯನ್ನು ಹಾಗೇ ಚೀಲಕ್ಕೆ ಹಾಕಿಕೊಂಡು, ಬೀರುವಿನ ಹಿಂದಿನಿಂದ ಹೊಸ ಮೆಮೊರಿ ಪಟ್ಟಿಯೊಂದನ್ನು ತೆಗೆದು ಅಂಗಿಯ ಜೇಬಿಗಿಟ್ಟುಕೊಂಡು ಬಸ್ಸು ಹತ್ತಿದ. ಬೆರಳುದ್ದದ ಹಸಿರು ಪಟ್ಟಿ, ಅದರ ಮೇಲೆ ಎಂಟು ಕಪ್ಪು ಚೌಕ. ಕಾಯಿಲೆ ನೋಡುವ ಮೊದಲೇ ಔಷಧಿ ಜೇಬಿಗಿಟ್ಟುಕೊಂಡು ಹೊರಡುವ ಡಾಕ್ಟರನ್ನು ಜನ ಏನನ್ನುತ್ತಾರೆ? ತಳಕು ದಾಟುವವರೆಗೆ ನಿಂತೇ ಇದ್ದ. ಹಿರೇಹಳ್ಳಿಯಲ್ಲಿ ಸೀಟು ಸಿಕ್ಕಿತು, ಪಕ್ಕಕ್ಕೆ ಕಂಬಳಿ ಹೊದ್ದ ಮುದುಕನೊಬ್ಬ ಬಂದು ಕೂತು, “ಏಮಪ್ಪಾ, ಎಲ್ಲೀತಂಕ?” ಎಂದು ಎರಡು ಭಾಷೆಯನ್ನು ಒಂದೇ ಉಸಿರಿನಲ್ಲಿ ಬೆರೆಸಿ ಕೇಳಿದ. ಹಟ್ಟಿಗೆ ಎಂದ. “ಯಾರ ಮನೆಗೆ?” ಯಾರ ಮನೆಗೂ ಅಲ್ಲ, ಡೈರಿಗೆ ಎಂದ. ಹೇಳಿದ ಮೇಲೆ ಯಾಕೋ ಸುಳ್ಳು ಹೇಳಿದಂತೆನಿಸಿ ಕಿಟಕಿಯ ಕಡೆಗೆ ತಿರುಗಿಕೊಂಡ. ಹೊರಗೆ ಶೇಂಗಾ ಕಿತ್ತು ತಿಂಗಳುಗಳಾದ ಹೊಲಗಳು, ನಡುನಡುವೆ ಬಂಡೆಗುಂಡುಗಳ ಗುಡ್ಡ, ಕುರಿ. ಎರಡು ವರ್ಷದ ಹಿಂದೆ ಇದೇ ದಾರಿಯಲ್ಲಿ ಕಂಪ್ಯೂಟರಿನ ಡಬ್ಬವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೋಗಿದ್ದ. ಆಗ ಎಷ್ಟು ಹೆಮ್ಮೆಯಿತ್ತು ಅವನಿಗೆ!

ಆ ಹೆಮ್ಮೆಗೆ ಕಾರಣವೂ ಇತ್ತೆನ್ನಿ. ಯಂತ್ರಕ್ಕೆ ಕರೆಂಟು ಬಂದ ಕೂಡಲೇ ಒಳಗಿನ ಮದರ್‌ಬೋರ್ಡು ಒಂದು ಯಾದಿ ಕೊಡುತ್ತದೆ. ಇಲ್ಲಿಂದ ಇಲ್ಲಿಯವರೆಗೆ ಮೆಮೊರಿ ಇದೆ, ಬಳಸಿಕೋ, ಇಲ್ಲಿಂದಾಚೆಗೆ ಕಾಲಿಡಬೇಡ ಎಂದು. ಆ ಯಾದಿಯನ್ನು ಇಸಿದುಕೊಳ್ಳುವುದು ಕರ್ನಲ್, ಅಂದರೆ ಎಲ್ಲರಿಗಿಂತ ಮೊದಲು ಎದ್ದು ಉಳಿದ ಪ್ರೋಗ್ರಾಮುಗಳಿಗೆಲ್ಲ ಜಾಗ ಹಂಚುವ ಯಜಮಾನ. ಸಾಮಾನ್ಯವಾಗಿ ಯಜಮಾನರು ಯಾದಿಯನ್ನು ನಂಬಿಬಿಡುತ್ತಾರೆ. ನಾಗಭೂಷಣ ನಂಬಬಾರದು ಎಂದು ತೀರ್ಮಾನಿಸಿದ್ದ. ಪುಸ್ತಕದ ಜೊತೆ ಬಂದ ಸೀಡಿಯಿಂದ ಲಿನಕ್ಸ್ ಕಲಿತು, ಮೂರು ತಿಂಗಳು ತಡಕಾಡಿ, ಆ ಕರ್ನಲ್‌ನ ಬಾಗಿಲಲ್ಲೇ ತನ್ನದೊಂದು ತಪಾಸಣೆ ಬರೆದು ಕೂಡಿಸಿದ್ದ. ಯಾದಿಯಲ್ಲಿ ಹೇಳಿದ ಪ್ರತಿಯೊಂದು ಮನೆಗೂ ಹೋಗು, ಒಂದು ಅಂಕಿ ಇಡು, ತಿರುಗಿ ತೆಗೆದು ನೋಡು, ಇಟ್ಟದ್ದೇ ಬಂದರೆ ಮುಂದಕ್ಕೆ ಹೋಗು, ಬರದಿದ್ದರೆ ಆ ಜಾಗಕ್ಕೆ ಗುರುತು ಹಾಕಿ ಯಾರನ್ನೂ ಒಳಗೆ ಬಿಡಬೇಡ. ಸಂತೆಯಲ್ಲಿ ಗಡಿಗೆ ಕೊಳ್ಳುವವರು ನೀರು ತುಂಬಿ ನೋಡುವುದಿಲ್ಲವೇ, ಅಷ್ಟೇ. ಚಳ್ಳಕೆರೆಯಲ್ಲಿ ಯಾರಿಗೆ ಇದನ್ನು ಹೇಳಿದರೂ “ಟೈಪಿಂಗ್ ಕಲಿಸ್ತೀರೇನ್ರಿ?” ಎಂದು ಕೇಳುತ್ತಿದ್ದರು. ಡೈರಿಯ ಯಂತ್ರವನ್ನು ಅಂಗಡಿಯಲ್ಲಿ ಮೊದಲ ಸಲ ಎಬ್ಬಿಸಿದಾಗ ತಪಾಸಣೆ ನಾಲ್ಕು ನಿಮಿಷ ಓಡಿ, ಕೊನೆಗೆ ಪರದೆಯ ಮೇಲೆ ಒಂದು ಸಾಲು ಬರೆಯಿತು: ಕೆಟ್ಟ ಜಾಗ ಒಂದು, ಬಿಡಲಾಗಿದೆ. ಮೆಮೊರಿ ಪಟ್ಟಿ ಹಳೆಯ ಮಾಲು. ಬೇರೆಯದನ್ನು ಹಾಕಬಹುದಿತ್ತು. ಆದರೆ ಅವನು ಸಿಟ್ಟಾಗುವ ಬದಲು ಕುರ್ಚಿಯಿಂದ ಎದ್ದು ಕುಣಿಯುವಷ್ಟು ಖುಷಿಪಟ್ಟ. ತನ್ನ ತಪಾಸಣೆ ನಿಜವಾಗಿ ಹಿಡಿದಿದೆ! ಆ ಕೆಟ್ಟ ಜಾಗವನ್ನು ತೆಗೆಸದೆ ಉಳಿಸಿಕೊಂಡದ್ದೇ ಅದು ಅಲ್ಲಿರಲಿ, ದಿನಾ ಹಿಡಿಯುತ್ತಿರಲಿ ಎಂಬ ಆಸೆಗೆ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ಶಾಂತಕುಮಾರಿಗೂ ಹೇಳಿರಲಿಲ್ಲ.

ಹಟ್ಟಿಯಲ್ಲಿ ಬೆಳಿಗ್ಗೆ ಹಾಲು ಹಾಕುವ ಒಂದೂವರೆ ಗಂಟೆಯಲ್ಲಿ ಮೂರು ಸಲ ಕರೆಂಟು ಹೋಗುತ್ತಿತ್ತು. ಬ್ಯಾಟರಿ ಡಬ್ಬ ಒಂದೇ ತಿಂಗಳಿಗೆ ಸತ್ತಿತು. ಹೋದಾಗಲೆಲ್ಲ ಯಂತ್ರ ಮಲಗಿ, ಬಂದಾಗಲೆಲ್ಲ ಎದ್ದು, ನಾಲ್ಕು ನಿಮಿಷ ತಪಾಸಣೆ ಮಾಡಿಕೊಳ್ಳುತ್ತಿತ್ತು. ಹೆಂಗಸರು ಗಂಡಸರು ಕ್ಯಾನು, ಚೊಂಬು, ತಂಬಿಗೆ ಹಿಡಿದು ಬಿಸಿಲಲ್ಲಿ ನಿಂತಿರುತ್ತಿದ್ದರು. ಒಂದನೇ ನಂಬರಿನ ದಾಸಣ್ಣ, “ಕಂಪ್ಯೂಟರಮ್ಮ ಇನ್ನೂ ಮುಖ ತೊಳ್ಕಂತಾವ್ಳೆ, ಕುಂಕುಮ ಇಟ್ಕಂಡು ಬರ್ತಾಳೆ ತಡೀರಿ,” ಎಂದರೆ ಸಾಲು ಸಾಲೇ ನಗುತ್ತಿತ್ತು. “ನಿನ್ ಮಿಷನ್ ಎದ್ದೇಳೋದ್ರಾಗೆ ಹಾಲು ಹುಳಿ ಆಗ್ತೈತೆ ಕಣಪ್ಪಾ, ಅದೇನ್ ಕಿತ್ತಾಕ್ತೀಯೋ ಕಿತ್ತಾಕು,” ಎಂದು ಸೂರಪ್ಪ ಕರೆಸಿದ. ಅವತ್ತು ನಾಗಭೂಷಣ ಬೇಜಾರಿನಲ್ಲೇ ಹೋದದ್ದು. ತಪಾಸಣೆಯನ್ನು ಕರೆಯುವ ಆ ಒಂದು ಸಾಲನ್ನು ಅಳಿಸುವ ಮುಂಚೆ ಅವನ ಕೈ ನಿಂತಿತ್ತು. ಕೆಟ್ಟ ಜಾಗ ಒಂದಿದೆಯಲ್ಲ ಎಂದು ಮನಸ್ಸು ಹೇಳಿತ್ತು. ತಪಾಸಣೆ ತೆಗೆದರೂ ಆ ಜಾಗದ ಗುರುತನ್ನಷ್ಟೇ ಕೈಯಾರೆ ಬರೆದಿಟ್ಟರೆ ಸಾಕಿತ್ತು, ಹದಿನೈದು ನಿಮಿಷದ ಕೆಲಸ. ನಾಲ್ಕೂವರೆಯ ಬಸ್ಸು ಗುಡ್ಡದ ತಿರುವಿನಲ್ಲಿ ಹಾರ್ನು ಹಾಕಿತು. ಅವನು ಸಾಲನ್ನು ಅಳಿಸಿ ಎದ್ದು ಓಡಿದ. ಮುಂದಿನ ಸಲ ಬಂದಾಗ ಬರೆದರಾಯಿತು ಎಂದುಕೊಂಡಿದ್ದ. ಮುಂದಿನ ಸಲ ಬಂದಾಗ ನೆನಪಾಯಿತು, ಅದರ ಮುಂದಿನ ಸಲಕ್ಕೆ ಹಾಕಿದ. ಕೈ ನಿಂತದ್ದೇ ಈಗ ಅವನನ್ನು ತಿನ್ನುತ್ತಿರುವುದು. ಗೊತ್ತಿಲ್ಲದೆ ಮಾಡಿದವನಿಗೆ ಕ್ಷಮೆಯಿದೆ, ಅವನಿಗೆ ಗೊತ್ತಿತ್ತು.

ಬಸ್ಸು ಮೊಳಕಾಲ್ಮುರಿನ ಈಚೆಯ ಹಾನಗಲ್ಲಿನಲ್ಲಿ ನಿಂತಿತು. ಮುದುಕ ಇಳಿದ. ಆ ಜಾಗಕ್ಕೆ ಹಿತ್ತಾಳೆ ಚೊಂಬು ಹಿಡಿದ ಹೆಂಗಸೊಬ್ಬಳು ಬಂದು ಕೂತಳು, ನಾಗಭೂಷಣನಿಗೆ ಚೊಂಬನ್ನು ನೋಡಲಾಗಲಿಲ್ಲ. ಪಾತಮ್ಮನ ಕೈಯಲ್ಲಿದ್ದದ್ದೂ ಅಂಥದ್ದೇ ಚೊಂಬು. ಹೋದ ಆಷಾಢದಲ್ಲಿ ಅವನು ಪ್ರಿಂಟರಿನ ತಂತಿ ಬದಲಿಸಲು ಹೋಗಿದ್ದ ದಿನ ಆಕೆಯ ಹಾಲನ್ನು ಸೂರಪ್ಪ ಎಲ್ಲರ ಮುಂದೆ ವಾಪಸು ಕೊಟ್ಟ. ಬೋರ್ಡಿನ ಮೇಲೆ ಕೆಂಪು ಅಂಕಿ: ಮೂರು ನಾಲ್ಕು. ಮೂರೂವರೆಗಿಂತ ಕಡಿಮೆ ಬಂದರೆ ಡೈರಿ ಮುಟ್ಟುವಂತಿಲ್ಲ. “ಒಂಬತ್ತನೇ ದಿನ ಕಣಮ್ಮ ಇದು. ಕೆರೆ ಬತ್ತಿದ್ರೂ ನಿನ್ ಮನೆ ನೀರು ಬತ್ತಲಿಲ್ಲಲ್ಲ!” ಎಂದು ಸೂರಪ್ಪ ಅಂದಾಗ ಯಾರೋ ಕಿಸಕ್ಕೆಂದರು. ಆ ಹಟ್ಟಿಯಲ್ಲಿ ಕಳ್ಳತನಕ್ಕಾದರೂ ಮಾಫಿ ಇದ್ದೀತು. ಹಾಲಿಗೆ ನೀರು ಬೆರೆಸಿದರೆ ಹಸುವಿನ ಕೆಚ್ಚಲು ಸೀಳುತ್ತದೆ ಎಂದು ನಂಬುವ ದನಗಾಹಿ ಜನ ಅವರು. ಪಾತಮ್ಮ ಐವತ್ತು ದಾಟಿದ, ಬಡಕಲು ಮೈಯ, ನೆಟ್ಟಗೆ ನಿಲ್ಲುವ ಹೆಂಗಸು. ಅವಳು ಸೂರಪ್ಪನಿಗೆ ಉತ್ತರ ಕೊಡದೆ ನಾಗಭೂಷಣನ ಕಡೆ ತಿರುಗಿ, “ನೀನೇ ಅಲ್ವೇನಪ್ಪಾ ಮಿಷನ್ ಮಾಡ್ದೋನು? ಇದು ತಪ್ಪು ಹೇಳ್ತೈತಾ?” ಎಂದು ಕೇಳಿದಳು. ಇಡೀ ಸಾಲು ಅವನ ಕಡೆ ನೋಡಿತು. ಅಷ್ಟು ಜನ ಅವನ ಮಾತಿಗಾಗಿ ಕಾದದ್ದು ಅವನ ಜೀವಮಾನದಲ್ಲೇ ಅದು ಮೊದಲು. ಒಂದು ಕ್ಷಣ, ಒಂದೇ ಕ್ಷಣ, ಕೆಟ್ಟ ಜಾಗ ಒಂದು ಎಂಬ ಆ ಸಾಲು ಕಣ್ಣಮುಂದೆ ಬಂತು. “ಮಿಷನ್ ತಪ್ಪು ಹೇಳಲ್ಲಮ್ಮ,” ಎಂದ. ದೊಡ್ಡ ಇಂಜಿನಿಯರು! ಪಾತಮ್ಮ ತಲೆಯಾಡಿಸಿ, ಸೆರಗಿನಿಂದ ಚೊಂಬಿನ ಬಾಯಿ ಮುಚ್ಚಿಕೊಂಡು ಹೋದಳು. ಆಕೆ ಹಸುವನ್ನೂ ಕರುವನ್ನೂ ದೇವರ ದನದ ರೊಪ್ಪಕ್ಕೆ, ಆ ದನಗಳ ದೊಡ್ಡಿಗೆ, ಬಿಟ್ಟುಬಂದಳೆಂದು ಎರಡು ದಿನದ ಮೇಲೆ ಸೂರಪ್ಪನೇ ಫೋನಿನಲ್ಲಿ ಹೇಳಿದ್ದ, ಪ್ರಿಂಟರಿನ ವಿಷಯ ಮಾತಾಡುತ್ತಾ, ಮಧ್ಯದಲ್ಲಿ. ದೇವರಿಗೆ ಬಿಟ್ಟ ದನವನ್ನು ಯಾರೂ ಮತ್ತೆ ಹಗ್ಗ ಹಾಕಿ ಕಟ್ಟುವಂತಿಲ್ಲ, ಅದರ ಹಾಲು ಮಾರುವಂತಿಲ್ಲ. ಅವತ್ತು ನಾಗಭೂಷಣ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಕಾಗದ ಪೆನ್ನು ಹಿಡಿದು ಕೂತು, ಬೋರ್ಡಿನ ಆ ಮೂರು ನಾಲ್ಕು ನಿಜದಲ್ಲಿ ಎಷ್ಟಿದ್ದಿರಬೇಕು ಎಂದು ಲೆಕ್ಕ ಹಾಕಿದ. ಅದೆಷ್ಟು ಸುಲಭದ ಲೆಕ್ಕವಾಗಿತ್ತು! ಆಮೇಲೆ ಹಟ್ಟಿಯ ಕಡೆ ತಲೆ ಹಾಕಿರಲಿಲ್ಲ.

ಡೈರಿಯೆಂದರೆ ಒಂದು ಕೋಣೆ, ಒಂದು ಜಗಲಿ, ಜಗಲಿಯ ಮೇಲೆ ಅಂಕಿಯ ಬೋರ್ಡು. ಮಧ್ಯಾಹ್ನ ಯಾರೂ ಇರಲಿಲ್ಲ. ಮೇಜಿನ ಮೇಲೆ, ಅಟ್ಟದಿಂದ ಇಳಿಸಿ ಧೂಳು ಒರೆಸಿದ ಗಾಜಿನ ನಳಿಗೆ ಇತ್ತು. ಪಾತಮ್ಮ ಬಿಟ್ಟ ನಂಬರು ಸೊಸೆಗೆ ಬಂದಿತ್ತು, ಆ ಸೊಸೆಯ ಹಾಲಿಗಾಗಿ ಇಳಿದ ನಳಿಗೆ ಅದು. ಪಾತಮ್ಮನ ಒಂಬತ್ತು ದಿನದಲ್ಲಿ ಒಂದು ದಿನವೂ ಇಳಿಯಲಿಲ್ಲ. ಹೊಸ ಪಟ್ಟಿ ಹಾಕುವ ಮುಂಚೆ ನಾಗಭೂಷಣ ಹಳೆಯ ತಪಾಸಣೆಯನ್ನು ಮತ್ತೆ ಕೂಡಿಸಿ ಯಂತ್ರವನ್ನು ಎಬ್ಬಿಸಿದ. ನೋಡಬೇಕಾಗಿರಲಿಲ್ಲ, ಆದರೂ ನೋಡಬೇಕೆನಿಸಿತು. ನಾಲ್ಕು ನಿಮಿಷ ಅಂಕಿಗಳು ಓಡಿದವು. ಇಲ್ಲ ಎಂದು ಬಂದುಬಿಡಲಿ, ಬೇರೆ ಏನೋ ಕಾರಣವಿರಲಿ, ತಂತಿ ಸಡಿಲವಾಗಿರಲಿ ಎಂದು ಅವನು ಬೇಡಿಕೊಂಡ. ಕೆಟ್ಟ ಜಾಗ ಒಂದು. ಅದೇ ಜಾಗ. ಯಂತ್ರ ದಿನಾ ಒಂದೇ ಕ್ರಮದಲ್ಲಿ ಏಳುತ್ತದೆ, ಒಂದೇ ಕ್ರಮದಲ್ಲಿ ಜಾಗ ಹಂಚುತ್ತದೆ. ಸದಸ್ಯರ ಪಟ್ಟಿಗೆ ದಿನಾ ಅದೇ ಜಾಗ, ಆ ಪಟ್ಟಿಯೊಳಗೆ ನಲವತ್ತೇಳನೆಯವರ ಹಾಲಿನಲ್ಲಿ ಅಳೆದ ಫ್ಯಾಟನ್ನು ಬೋರ್ಡಿಗೆ ಕಳಿಸುವ ಮುಂಚೆ ಬರೆದಿಡುವ ಮನೆ ದಿನಾ ಆ ಕೆಟ್ಟ ಜಾಗದ ಮೇಲೆ. ಸೂರಪ್ಪ ಹಲ್ಲುಕಡ್ಡಿ ಕಚ್ಚಿಕೊಂಡು ಬಂದು, “ಸಿಕ್ತಾ?” ಎಂದ. ಸಿಕ್ತು ಸೂರಪ್ಪಣ್ಣ, ಈ ನಂಬರಿಗೆ ಮಾತ್ರ ತಪ್ಪು ತೋರಿಸ್ತಿತ್ತು, ಮೊದಲಿಂದಾನೂ, ಎಂದ ನಾಗಭೂಷಣ. ಮೊದಲಿಂದಾನೂ ಎಂಬುದನ್ನು ಒತ್ತಿ ಹೇಳಲು ನೋಡಿದ, ಆಗಲಿಲ್ಲ. ಸೂರಪ್ಪ ದಡ್ಡನಲ್ಲ. ಹಲ್ಲುಕಡ್ಡಿ ತೆಗೆದ. ಹೊರಗಿನ ಬೇವಿನ ಮರ ನೋಡಿದ. “ಸರಿ ಮಾಡ್ದಲ್ಲ, ಆತು ಬಿಡು. ಹಳೇದೆಲ್ಲ ಕೆದಕಾಕೆ ಹೋಗ್ಬೇಡ. ಹಸು ಹೆಂಗಿದ್ರೂ ದೇವರ ಪಾಲಾಗೈತೆ, ಅದು ಪುಣ್ಯದ ಕೆಲಸಾನೇ. ನಿನಗೂ ಊರೂರಲ್ಲಿ ಕೆಲಸ ಬೇಕಲ್ವಾ?” ಎಂದು ಭುಜ ತಟ್ಟಿದ. ಹೊಸ ಪಟ್ಟಿ ಟಕ್ಕೆಂದು ಕೂತಿತು. ತಪಾಸಣೆಯನ್ನು ನಾಗಭೂಷಣ ಹಾಗೇ ಒಳಗೆ ಬಿಟ್ಟ, ಅದನ್ನು ಸೂರಪ್ಪನಿಗೆ ಹೇಳಲಿಲ್ಲ. ತೆಗೆದ ಹಳೇ ಪಟ್ಟಿಯನ್ನು ಜೇಬಿಗಿಟ್ಟುಕೊಂಡು ಹೊರಬಿದ್ದಾಗ ಎರಡು ಗಂಟೆ. ಬಸ್ಸು ನಾಲ್ಕೂವರೆಗೆ. ಪಾತಮ್ಮನ ಮನೆ ಎಲ್ಲಿ ಎಂದು ಯಾರನ್ನಾದರೂ ಕೇಳಬೇಕಾಗುತ್ತದೆ, ಕೇಳಿದರೆ ಯಾಕೆ ಎನ್ನುತ್ತಾರೆ ಎಂದು ಅವನು ಯಾರನ್ನೂ ಕೇಳದೆ ಹಟ್ಟಿಯನ್ನು ಎರಡು ಸುತ್ತು ಹಾಕಿದ. ಎರಡನೇ ಸುತ್ತಿನಲ್ಲಿ ಆಕೆಯೇ ಕಂಡಳು, ಗುಡಿಸಲಿನ ಮುಂದಿನ ಚಪ್ಪರದ ನೆರಳಲ್ಲಿ ಕೂತು ಕೂಲಿಗೆ ಹುಣಸೆಹಣ್ಣು ಬಡಿದು ಬೀಜ ಬಿಡಿಸುತ್ತಿದ್ದಳು.

“ಮಿಷನ್ ಅಪ್ಪ ಅಲ್ವಾ? ಬಾ, ಕುಂದ್ರು,” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು. ಎದ್ದು ಒಳಗೆ ಹೋಗಿ ಲೋಟದಲ್ಲಿ ಚಾ ತಂದಳು. “ಹಾಲಿಲ್ಲಪ್ಪಾ. ಕರೀ ಚಾ ಕುಡೀತೀಯಾ?” ಅವನು ಕುಡಿದ. ನಾಲಿಗೆ ಸುಟ್ಟುಕೊಂಡ. ಹಸುವನ್ನು ಕಟ್ಟುತ್ತಿದ್ದ ಗೂಟ ಚಪ್ಪರದ ಕಂಬದ ಪಕ್ಕದಲ್ಲೇ ಇತ್ತು, ಹಗ್ಗ ಉಜ್ಜಿ ಉಜ್ಜಿ ಅದರ ನಡು ಸವೆದಿತ್ತು, ಈಗ ಅದಕ್ಕೆ ಮೊರ ಒರಗಿಸಿದ್ದಳು. ಹೇಗೆ ಶುರು ಮಾಡುವುದು? ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಆಕೆಯ ಎದುರಿಗೆ ಆಡುವಂಥದ್ದಾಗಿರಲಿಲ್ಲ. “ಅವ್ವಾ, ನಿನ್ ಹಾಲು ಚೆನ್ನಾಗಿತ್ತು. ಮಿಷನ್ ತಪ್ಪು ತೋರಿಸ್ತು. ತಪ್ಪು ನಂದು,” ಎಂದುಬಿಟ್ಟ. ಪಾತಮ್ಮ ಬಡಿಯುವುದನ್ನು ನಿಲ್ಲಿಸಲಿಲ್ಲ. ಎರಡು ಹಣ್ಣು ಬಿಡಿಸಿದ ಮೇಲೆ, “ಎಷ್ಟಿತ್ತು?” ಎಂದಳು. “ಏನು?” “ನಮ್ ಹಸು ಕೆಂದಿ ಹಾಲು. ನಿಜವಾಗಿ ಎಷ್ಟಿತ್ತು?” “ನಾಲ್ಕು ಎರಡು.” “ನಾಲ್ಕು ಎರಡಾ!” ಅವಳ ಮುಖ ಅರಳಿತು. ಸೆಕ್ರೆಟರಿಯ ಸೀಮೆಹಸುವಿಗೂ ಅಷ್ಟಿಲ್ಲ ಅಲ್ವಾ ಎಂದು ಕೇಳಿದಳು. ಇಲ್ಲ ಎಂದ. “ನಾಟಿ ಹಸು ಕಣಪ್ಪಾ. ಕರು ದೊಡ್ಡದಾಗ್ತಾ ಹಾಲು ಗಟ್ಟಿ ಆಗ್ತಿತ್ತು. ಬೋರ್ಡು ಕಮ್ಮಿ ತೋರಿಸ್ತೈತಲ್ಲ ಅಂತ ಚಳ್ಳಕೆರೆಯಿಂದ ಶೇಂಗಾ ಹಿಂಡಿ ತರಿಸಿ ಹಾಕ್ದೆ. ಹಿಂಡಿ ಹಾಕ್ದಷ್ಟೂ ಬೋರ್ಡು ಕಮ್ಮೀನೇ ತೋರಿಸ್ತು. ಅದ್ಯಾಕೆ?”

ಅವನು ಬಿಡಿಸಿಟ್ಟ ಹುಣಸೆಬೀಜವನ್ನು ಬಾಚಿಕೊಂಡು ನೆಲದ ಮೇಲೆ ಗುಡ್ಡೆ ಮಾಡಿದ. ಈ ಯಂತ್ರ ನಮ್ಮ ಹಾಗೆ ಎಣಿಸಲ್ಲವ್ವಾ, ಗುಂಪು ಗುಂಪಾಗಿ ಇಡುತ್ತೆ, ಮೂವತ್ತೆರಡರದ್ದು ಒಂದು ಗುಂಪು, ಎಂಟರದ್ದು ಒಂದು, ನಾಲ್ಕರದ್ದು, ಎರಡರದ್ದು. ನಾಲ್ಕು ಎರಡು ಅಂದರೆ ಅದಕ್ಕೆ ನಲವತ್ತೆರಡು. ಮೂವತ್ತೆರಡು, ಎಂಟು, ಎರಡು. ನಿನ್ನ ನಂಬರಿನ ಮನೆಯಲ್ಲಿ ಎಂಟರ ಗುಂಪು ಇಡುವ ಕಡೆ ತೂತು ಬಿದ್ದಿತ್ತು, ಎಂಟನ್ನು ಇಟ್ಟರೆ ನಿಲ್ಲುತ್ತಿರಲಿಲ್ಲ. ಅವನು ಎಂಟು ಬೀಜಗಳನ್ನು ಸರಿಸಿದ. ಉಳಿದದ್ದು ಮೂವತ್ನಾಲ್ಕು. ಬೋರ್ಡು ಮೂರು ನಾಲ್ಕು ಎಂದಿತು. ಪಾತಮ್ಮ ಬಗ್ಗಿ ನೋಡಿದಳು. ಬೆಳಗಾಗೆದ್ದು ಕುರಿ ಎಣಿಸುತ್ತಾ ಬೆಳೆದ ಹೆಂಗಸಿಗೆ ಅದನ್ನು ಎರಡು ಸಲ ಹೇಳಬೇಕಾಗಲಿಲ್ಲ. “ಮೂವತ್ತೆಂಟು ಇಡು,” ಎಂದಳು. ಅವನು ಮೂವತ್ತೆರಡು, ನಾಲ್ಕು, ಎರಡು ಎಂದು ಗುಂಪು ಮಾಡಿದ. “ಇದ್ರಾಗೆ ಎಂಟರ ಗುಂಪೇ ಇಲ್ಲ.” “ಇಲ್ಲವ್ವಾ. ಅದು ಸರಿಯಾಗೇ ಬರ್ತಿತ್ತು. ನಲವತ್ತು ಮುಟ್ಟಿದ ಮೇಲೇ ತೂತಿಗೆ ಬೀಳ್ತಿದ್ದದ್ದು.” ಅವನು ಬೀಜಗಳನ್ನು ಮತ್ತೆ ಒಟ್ಟು ಮಾಡಲು ಹೋದರೆ ಅವನ ಕೈಯನ್ನು ತಡೆದಳು.

“ನೀನು ಮಿಷನ್ ತಪ್ಪು ಹೇಳಲ್ಲ ಅಂದೆಯಲ್ಲ,” ಎಂದಳು, “ಅವತ್ತು ರಾತ್ರಿಯೆಲ್ಲಾ ಯೋಚ್ನೆ ಮಾಡ್ದೆ. ಊರೆಲ್ಲಾ ನೀರು ಹಾಕ್ತಾಳೆ ಅಂತೈತೆ. ಹಾಕಿದ್ರೆ ಹೆಂಗಿರ್ತೈತೆ ನೋಡೇ ಬಿಡಾಣ ಅಂತ ಮಾರನೇ ದಿನ ಚೊಂಬಿಗೆ ಒಂದು ಲೋಟ ನೀರು ಹುಯ್ದೆ. ನನ್ ಕೈಯಾಗೇ ಹುಯ್ದೆ. ಬೋರ್ಡು ಮೂರು ಎಂಟು ತೋರಿಸ್ತು. ಸೂರಪ್ಪ ಎಲ್ಲರ ಮುಂದೆ, ನೋಡ್ರಿ, ನಿಯತ್ತಾಗಿ ತಂದ್ರೆ ಹೆಂಗೆ ಬರ್ತೈತೆ ಅಂದ. ದಾಸಣ್ಣ ಚಪ್ಪಾಳೆ ಹೊಡ್ದ. ಚೆಂದಾಗಿರೋ ಹಾಲು ತಂದ್ರೆ ಕಳ್ಳಿ, ನೀರು ಹುಯ್ದು ತಂದ್ರೆ ಒಳ್ಳೇಳು. ಹಿಂಗಾದ್ರೆ ನಾಳೆಯಿಂದ ದಿನಾ ಹುಯ್ತೀನಿ ಅನಿಸ್ತು, ಹುಯ್ಯಾಕೆ ಕೈ ಬಂದೈತೆ ಅನಿಸ್ತು. ಅದಕ್ಕೇ ಅವತ್ತೇ ಕೆಂದೀನ ಹೊಡ್ಕಂಡು ಹೋಗಿ ರೊಪ್ಪದಾಗೆ ಬಿಟ್ಟೆ. ದೇವರ ದನ ಕಾಯೋ ಕಿಲಾರಿ ಪಾಲಣ್ಣ ಕೊರಳ ಹಗ್ಗ ಬಿಚ್ಚಿ ನನ್ ಕೈಗೆ ಕೊಟ್ಟ. ಗುಡ್ಡದ ಕಡೆ ಹೋದಾಗ ಈಗಲೂ ಕಾಣ್ತೈತೆ. ಕರೆದ್ರೆ ತಿರುಗಿ ನೋಡ್ತೈತೆ, ಅದಕ್ಕೆ ನಾನು ಕರೆಯಲ್ಲ.” ಇದನ್ನು ಯಾರಿಗೂ ಹೇಳಿಲ್ಲ ಎಂದು ಸೇರಿಸಿ ಮತ್ತೆ ಹಣ್ಣು ಬಡಿಯತೊಡಗಿದಳು. ನಾಗಭೂಷಣ ಅತ್ತ.

ಸಾಯಂಕಾಲ ಡೈರಿ ಹತ್ತಿರ ಬರ್ತೀಯೇನವ್ವಾ, ಎಲ್ಲರ ಮುಂದೆ ಹೇಳ್ತೀನಿ ಎಂದು ಅವನು ಕಣ್ಣೊರೆಸಿಕೊಳ್ಳುತ್ತಾ ಹೇಳಿದ. ಆಕೆ ಗೂಟದ ಮೊರ ತೆಗೆದು ಬೀಜ ಕೇರತೊಡಗಿದಳು. ರಸ್ತೆಗೆ ಬಂದು ಬಸ್ಸಿಗೆ ಕಾಯುವ ಕಲ್ಲಿನ ಮೇಲೆ ಕೂತ ಕೂಡಲೇ ಅವನ ತಲೆ ತನ್ನ ಕೆಲಸ ಶುರುಮಾಡಿತು. ಎಲ್ಲರ ಮುಂದೆ ಹೇಳಿದರೆ ಏನಾಗುತ್ತದೆ? ಸೂರಪ್ಪ ಆ ಮೂರು ಎಂಟನ್ನು ಎತ್ತಿಯೇ ಎತ್ತುತ್ತಾನೆ. ಆಕೆ ಯಾರಿಗೂ ಹೇಳದೆ ಇಟ್ಟುಕೊಂಡದ್ದು ಬೀದಿಗೆ ಬರುತ್ತದೆ. ಹೇಳದಿರುವುದೇ ಆಕೆಗೆ ಒಳ್ಳೆಯದಲ್ಲವೇ? ಹೌದು, ಆಕೆಗೋಸ್ಕರವೇ ಬಾಯಿ ಮುಚ್ಚಿಕೊಂಡಿರಬೇಕು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಎಷ್ಟು ಹಗುರವಾಯಿತೆಂದರೆ, ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ಅಗಿಯುತ್ತಿದ್ದಾಗ ತನ್ನ ಈ ಹಗುರವನ್ನು ತಾನೇ ಗುರುತು ಹಿಡಿದ. ಸಾಲನ್ನು ಅಳಿಸಿ ಬಸ್ಸಿಗೆ ಓಡಿದ ದಿನವೂ ಹೀಗೇ ಆಗಿತ್ತು. ಬುತ್ತಿಯನ್ನು ಮತ್ತೆ ಕಟ್ಟಿಟ್ಟ. ಗುಡ್ಡದ ತಿರುವಿನಲ್ಲಿ ಹಾರ್ನು ಕೇಳಿತು, ಬಸ್ಸು ಧೂಳೆಬ್ಬಿಸಿ ಬಂದು ನಿಂತಿತು. “ಹತ್ರೀ, ಬೇಗ ಹತ್ರೀ,” ಎಂದ ಕಂಡಕ್ಟರು. ನಾಗಭೂಷಣ ಎದ್ದು ನಿಂತ, ಒಂದು ಕಾಲು ಎತ್ತಿಯೂ ಎತ್ತಿದ. “ಏನ್ ಸ್ವಾಮೀ, ಬರ್ತೀರೋ ಇಲ್ಲೇ ಸಂಸಾರ ಹೂಡ್ತೀರೋ?” ಬಸ್ಸಿನಲ್ಲಿದ್ದವರು ನಕ್ಕರು. ಅವನು ಕಾಲನ್ನು ಕೆಳಗಿಟ್ಟ. ಬಸ್ಸು ಹೋಯಿತು.

ಐದಕ್ಕೆ ಹತ್ತು ನಿಮಿಷವಿರುವಾಗ ಡೈರಿಯ ಮುಂದೆ ಸಾಲು ನಿಂತಿತ್ತು. ಅವನು ಇನ್ನೂ ಊರಲ್ಲಿರುವುದನ್ನು ಕಂಡು ಸೂರಪ್ಪನ ಹುಬ್ಬು ಮೇಲಕ್ಕೆ ಹೋಯಿತು. ಎಂದಿನಂತೆ ಕರೆಂಟು ಹೋಯಿತು. ಎಂದಿನಂತೆ ಬಂತು. ಕೋಣೆಯೊಳಗೆ ಯಂತ್ರ ಎದ್ದು ಒಂದೊಂದೇ ಮನೆಗೆ ಅಂಕಿ ಇಟ್ಟು ತೆಗೆದು ನೋಡತೊಡಗಿತು, ಹೊರಗೆ ಬೋರ್ಡು ಕಪ್ಪಗೇ ಇತ್ತು. ಒಂದು ನಿಮಿಷವಾದ ಮೇಲೆ ಸಾಲಿನ ಮೊದಲಲ್ಲಿದ್ದ ದಾಸಣ್ಣ, “ಅಯ್ಯೋ, ಕಂಪ್ಯೂಟರಮ್ಮ ಮತ್ತೆ ಮುಖ ತೊಳ್ಯಾಕೆ ಹೋದ್ಲಲ್ರಪ್ಪೋ!” ಎಂದ. ಎಲ್ಲರೂ ನಕ್ಕರು. ಸೂರಪ್ಪ ಒಳಗಿನಿಂದ, “ಲೇ ನಾಗಭೂಷಣ, ಇದೇನ್ಲೇ ಇದು?” ಎಂದು ಕೂಗಿದ. ನಾಗಭೂಷಣ ಜಗಲಿ ಹತ್ತಿದ. “ನಾಲ್ಕು ನಿಮಿಷ ಆಗ್ತೈತೆ,” ಎಂದ. ದನಿ ಕೀರಲಾಗಿತ್ತು. “ಇನ್ಮೇಲೆ ದಿನಾ ಆಗ್ತೈತೆ. ಈ ನಾಲ್ಕು ನಿಮಿಷ ನಾನು ಕಿತ್ತಾಕಿದ್ದೆ. ಕಿತ್ತಾಕ್ಬಾರದಿತ್ತು. ಅದ್ರಿಂದಾನೇ ನಲವತ್ತೇಳನೇ ನಂಬರು ತಪ್ಪು ಬಂತು.” “ಸ್ವಪ್ನಂದಲ್ವಾ, ಗೊತ್ತು ಬಿಡಪ್ಪಾ,” ಎಂದರು ಯಾರೋ. “ಸ್ವಪ್ನಂದಲ್ಲ. ಪಾತಮ್ಮಂದು,” ಎಂದ. ನಗು ನಿಂತಿತು. ಆಗ ಅವನಿಗೆ ಬೇವಿನ ಕಟ್ಟೆಯ ಹತ್ತಿರ ಅವಳು ಕಂಡಳು. ಬರಿಗೈಯಲ್ಲಿ ನಿಂತಿದ್ದಳು, ಹುಣಸೆ ಮೆತ್ತಿದ ಬೆರಳುಗಳನ್ನು ಸೀರೆಗೆ ಒರೆಸಿಕೊಳ್ಳುತ್ತಾ. ಬರದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಆ ಹೊತ್ತಿನಲ್ಲೂ ಅನ್ನಿಸಿತು. “ಒಂಬತ್ತು ದಿನ ಆಕೆ ತಂದದ್ದು ಈ ಡೈರಿಯಾಗೆ ಎಲ್ಲರಿಗಿಂತ ಒಳ್ಳೇ ಹಾಲು. ನನಗೆ ಅನುಮಾನ ಇತ್ತು. ಇದ್ರೂನೂ ಮಿಷನ್ ತಪ್ಪು ಹೇಳಲ್ಲ ಅಂದೆ. ನಿಮ್ಮೆಲ್ಲರ ಮುಂದೆ ಅಂದೆ, ಅದಕ್ಕೆ ನಿಮ್ಮೆಲ್ಲರ ಮುಂದೆ ಹೇಳ್ತಾ ಇದೀನಿ.”

ಸೂರಪ್ಪ ಬಾಗಿಲಿಗೆ ಬಂದು ನಿಂತ. ಮುಖ ಕಪ್ಪಿಟ್ಟಿತ್ತು. “ಆತಪ್ಪಾ, ಒಂಬತ್ತು ದಿನ ಮಿಷನ್ ತಪ್ಪು ಅಂತಿಟ್ಕಳ್ಳಾನ,” ಎಂದ. “ಹತ್ತನೇ ದಿನ ಮೂರು ಎಂಟು ಬಂತಲ್ಲ, ಎಲ್ಲಾರೂ ನೋಡಿದ್ರಲ್ಲ. ಅವತ್ತು ಹೆಂಗೆ ಸರಿಯಾತು? ಹೆದರಿಕಂಡು ನೀರು ಹಾಕೋದು ಬಿಟ್ಲು, ಅದಕ್ಕೆ ಬಂತು. ಇಲ್ಲ ಅನ್ನು ನೋಡಾನ.” ಎಲ್ಲರೂ ನಾಗಭೂಷಣನ ಬಾಯಿ ನೋಡಿದರು. “ಅವತ್ತೂ ಮಿಷನ್ ತಪ್ಪೇ ಸೂರಪ್ಪಣ್ಣ,” ಎಂದ ಅವನು. “ಆ ಹಾಲಿಗೆ ಒಂದು ದಿನಾನೂ ನೀರು ಬಿದ್ದಿಲ್ಲ.” ಎಷ್ಟು ಸಲೀಸಾಗಿ ಬಂತು ಆ ಮಾತು! ಸಾಲಿನಲ್ಲಿ ಒಂದಿಬ್ಬರು ತಲೆಯಾಡಿಸಿದರು, ಒಬ್ಬಳು ಮುದುಕಿ ಪಾಪ ಎಂದಳು. ಮುಗಿಯಿತು, ಸಾಲ ತೀರಿತು, ಇನ್ನು ಮನೆಗೆ ಹೋಗಬಹುದು ಎಂದು ಅವನು ಉಸಿರುಬಿಟ್ಟ.

“ಅವತ್ತು ಹುಯ್ದಿದ್ದೆ,” ಎಂದಳು ಪಾತಮ್ಮ. ಗಟ್ಟಿಯಾಗಿ ಹೇಳಲಿಲ್ಲ, ಆದರೂ ಎಲ್ಲರಿಗೂ ಕೇಳಿತು. ಕಟ್ಟೆಯಿಂದ ನಾಲ್ಕು ಹೆಜ್ಜೆ ಮುಂದೆ ಬಂದಳು. “ಸುಳ್ಳು ಹೇಳ್ಬೇಡ ಕಣಪ್ಪಾ, ನನಗೋಸ್ಕರ ಹೇಳ್ಬೇಡ. ಒಂದು ಲೋಟ ಹುಯ್ದಿದ್ದೆ. ಒಂಬತ್ತು ದಿನ ಹುಯ್ದಿರಲಿಲ್ಲ, ನೀವು ಕಳ್ಳಿ ಅಂದ್ರಿ. ಅವತ್ತೊಂದಿನ ಹುಯ್ದೆ, ಅವತ್ತು ನೀವೆಲ್ಲಾ ಒಪ್ಕಂಡ್ರಿ.” ಯಾರನ್ನೂ ಬಯ್ಯಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. “ಕೆಂದಿ ಹಾಲು ನಾಲ್ಕು ಎರಡಿತ್ತಂತೆ,” ಎಂದು ಮಾತ್ರ ಸೇರಿಸಿದಳು, ಬೇವಿನ ಮರಕ್ಕೋ ಗುಡ್ಡಕ್ಕೋ ಹೇಳಿದಂತೆ. ಆಮೇಲೆ ಬಂದ ದಾರಿಯಲ್ಲೇ ಹೊರಟಳು.

ನಾಗಭೂಷಣ ಜಗಲಿಯ ಕಂಬ ಹಿಡಿದುಕೊಂಡ. ಮಾಡಿದ ತಪ್ಪು ಒಂದಿತ್ತು, ಈಗ ಎರಡಾಯಿತು, ಎರಡನೆಯದನ್ನೂ ಆಕೆಯೇ ಎತ್ತಿ ತೋರಿಸಬೇಕಾಯಿತು. ಒಳಗೆ ತಪಾಸಣೆ ಮುಗಿದ ಸದ್ದಾಯಿತು, ಬೋರ್ಡಿನ ಮೇಲೆ ಕೆಂಪು ಸೊನ್ನೆಗಳು ಹೊತ್ತಿಕೊಂಡವು. ಸೂರಪ್ಪ ಗಂಟಲು ಸರಿಮಾಡಿಕೊಂಡು, “ಒಂದನೇ ನಂಬರು,” ಎಂದು ಕೂಗಿದ. ಅವತ್ತು ಚಪ್ಪಾಳೆ ಹೊಡೆದಿದ್ದ ದಾಸಣ್ಣ ಕ್ಯಾನಿನ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು, ಪಾತಮ್ಮ ಹೋದ ದಾರಿ ನೋಡುತ್ತಾ ನಿಂತೇ ಇದ್ದ, ತೆಗೆಯಲಿಲ್ಲ.